ಅಭಿಪ್ರಾಯಕ್ಕಾಗಿ ಮಂಡಿಸಿದೆ

ಜೂನ್ 4, ಮಧ್ಯಾಹ್ನ

ಗುಮ್ಮನ ಕೋಟು ಕುರ್ಚಿಯ ಮೇಲಿದೆ, ಗುಮ್ಮ ಇಲ್ಲ. ಬೆಳಗಿನಿಂದ ಹೀಗೇ. ಕೋಟು ಹಾಜರು, ಮನುಷ್ಯ ನಾಪತ್ತೆ. ಅದಕ್ಕೇ ಈ ಗುಮಾಸ್ತನಿಗೆ ಗುಮ್ಮ ಎಂದು ಹೆಸರು. ಲೈಸೆನ್ಸ್ ವಿಭಾಗಕ್ಕೆ ನಾನು ಮುಖ್ಯಸ್ಥೆ — ಅಂದರೆ ಕೋಟು ಕಾಯುವವಳು.

ಹೊಸ ಗುಮಾಸ್ತೆ ಬಂದಳು. ಪರೀಕ್ಷೆಯಲ್ಲಿ ಮೊದಲ ಸ್ಥಾನ. ಈ ಸಲ ಶಿಫಾರಸು ಇಲ್ಲ, ಬರೀ ಮೆರಿಟ್ ಎಂದು ಸುತ್ತೋಲೆ ಬಂದಾಗ ನಕ್ಕಿದ್ದೆ. ನಿಜವಂತೆ. ಇಲ್ಲಿಯವರೆಗೆ ಬಂದವರೆಲ್ಲ ಯಾರದೋ ಭಾವಮೈದ, ಯಾರದೋ ಷಡ್ಡಕನ ಮಗ. ಗುಮ್ಮನಂತೂ ಹಳೇ ಸಾಹೇಬರ ಹೆಂಡತಿಯ ಅಣ್ಣನ ಮಗ. ಊಟದ ಹೊತ್ತಿಗೆ ಎಲ್ಲರೂ ಒಬ್ಬೊಬ್ಬರಾಗಿ ಹೋಗಿ ವಿಚಾರಿಸಿದರು, ಯಾರ ಕಡೆಯವಳು ಅಂತ.

"ಯಾರ ಕಡೆಯವಳೂ ಅಲ್ಲ" ಅಂದಳು.

ಯಾರೂ ನಂಬಲಿಲ್ಲ. ದೊಡ್ಡ ಕುಳವೇ ಇರಬೇಕು, ಬಾಯಿ ಬಿಡ್ತಿಲ್ಲ ಎಂದು ತೀರ್ಮಾನವಾಯಿತು. ಫಸ್ಟ್ ರ‍್ಯಾಂಕ್ ಎಂದು ಹೆಸರಿಟ್ಟರು.

ಜೂನ್ 11

ಸೈಕಲ್ ರಿಪೇರಿಯವನ ಅರ್ಜಿ ಫಸ್ಟ್ ರ‍್ಯಾಂಕ್ ಮೇಜಿಗೆ ಹೋಯಿತು. ನೋಡಿದಳು, ನಿಯಮದ ಪುಸ್ತಕ ತೆಗೆದಳು, ಟಿಪ್ಪಣಿ ಬರೆದಳು, ನನಗೆ ಕಳಿಸಿದಳು. ಸಹಿ ಹಾಕಿದೆ. ಲೈಸೆನ್ಸ್ ಅವನ ಕೈಗೆ ಕೊಟ್ಟಳು. ಅವನು ಹೋಗಲೇ ಇಲ್ಲ. ಬೆಂಚಿನ ಮೇಲೆ ಕುಳಿತೇ ಇದ್ದ.

"ಮುಗೀತು, ಹೋಗಿ" ಅಂದಳು.

"ಇಲ್ಲ ಕಣಮ್ಮ, ಏನೋ ಮರೆತಿದೀರ. ಇಷ್ಟು ಬೇಗ ಆಗಲ್ಲ" ಅಂದ. ನನ್ನ ಮಾತನ್ನೂ ನಂಬದೆ ಜವಾನನನ್ನು ಕೇಳಿಕೊಂಡು ಹೋದ.

ನನಗೆ ನಗು ಬಂತು. ಈ ಕಟ್ಟಡದಲ್ಲಿ ನಗು ಬಂದು ಎಷ್ಟೋ ಕಾಲವಾಗಿತ್ತು. ಮನೆಯಲ್ಲಿ ಹೇಳಿದೆ. ನಮ್ಮವರು ಬಸ್ ಡಿಪೋ ಮೆಕ್ಯಾನಿಕ್, ಇಂಜಿನ್ ಬಿಟ್ಟು ಯಾವುದನ್ನೂ ನಂಬುವವರಲ್ಲ. "ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೀತಾನೆ. ನೋಡೋಣ ತಡಿ" ಅಂದರು.

ಜೂನ್ 26

ಸಭೆ. ದೊಡ್ಡ ಸಾಹೇಬರ ಪಕ್ಕದಲ್ಲಿ ಟೈ ಕಟ್ಟಿದ ಸಲಹೆಗಾರ. ನೇಮಕಾತಿಯಲ್ಲಿ ಮೆರಿಟ್ ಬಂತು, ಇನ್ನು ಕೆಲಸದಲ್ಲೂ ಮೆರಿಟ್ ಎಂದು ಭಾಷಣ. ಹೆಸರು — ಅರ್ಹತಾ ಸೂಚ್ಯಂಕ. ಗುಮಾಸ್ತರು ಟಿಪ್ಪಣಿ ಬರೆದು ಫೈಲನ್ನು ಮುಂದೆ ಕಳಿಸಿದ ಪ್ರತಿ ಸಲಕ್ಕೂ ಕಂಪ್ಯೂಟರ್ ಒಂದು ಪಾಯಿಂಟ್ ಕೊಡುತ್ತದೆ. ಪ್ರತಿ ವಿಭಾಗದ ಪಟ್ಟಿ ಗೋಡೆಗೆ. ಪ್ರೊಬೇಷನ್‌ನಲ್ಲಿರುವವರು ಸೆಪ್ಟೆಂಬರ್ ಕೊನೆಗೆ ಪಟ್ಟಿಯ ತಳದಲ್ಲಿದ್ದರೆ ಮನೆಗೆ.

ಕೈ ಎತ್ತಿದೆ. "ಫೈಲು ಮುಗಿಸಿಬಿಟ್ರೆ?"

"ಅದೂ ಒಂದು ಚಲನೆ ಮೇಡಂ. ಒಂದು ಪಾಯಿಂಟ್."

"ಮುಗಿಸದೆ ಪಕ್ಕದ ಮೇಜಿಗೆ ತಳ್ಳಿದ್ರೆ?"

"ಅದಕ್ಕೂ ಒಂದು. ಸಿಸ್ಟಮ್ ತಾರತಮ್ಯ ಮಾಡಲ್ಲ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇವನು ಕರುವಿಗೆ ಹೆಸರೂ ಇಟ್ಟಿದ್ದಾನೆ. ದೊಡ್ಡ ಸಾಹೇಬರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ನಾನೂ.

ಜುಲೈ 9

ಗುಮ್ಮ ಇಡೀ ದಿನ ಸೀಟಿನಲ್ಲಿದ್ದ. ಹುಷಾರಿಲ್ಲವೇನೋ ಅಂದುಕೊಂಡೆ. ಮಹಾಬುದ್ಧಿವಂತ, ಎಲ್ಲರಿಗಿಂತ ಮೊದಲು ಅವನಿಗೇ ಹೊಳೆದಿದೆ. ಒಂದು ಫೈಲು ತೆರೆಯುತ್ತಾನೆ. "ಅಭಿಪ್ರಾಯಕ್ಕಾಗಿ ಮಂಡಿಸಿದೆ" ಎಂದು ಬರೆದು ಪಕ್ಕದವನಿಗೆ ಕಳಿಸುತ್ತಾನೆ. ಪಕ್ಕದವನು "ಅಭಿಪ್ರಾಯವಿಲ್ಲ" ಎಂದು ವಾಪಸ್. ಇವನಿಗೊಂದು, ಅವನಿಗೊಂದು. ಗುಮ್ಮ "ಗಮನಿಸಲಾಗಿದೆ" ಎಂದು ಇನ್ನೊಬ್ಬನಿಗೆ. ಅವನಿಗೂ ಒಂದು. ಸಂಜೆಗೆ ಫೈಲು ಮತ್ತೆ ಗುಮ್ಮನ ಹತ್ತಿರ, ಹೋದ ಹಾಗೇ.

ಬೈದೆ. "ಏನ್ರೀ ಇದು, ನಾಚಿಕೆ ಆಗಲ್ವಾ?"

"ಸಮಾಲೋಚನೆ ಮೇಡಂ. ಒಬ್ಬನೇ ತೀರ್ಮಾನ ತಗೊಂಡ್ರೆ ತಪ್ಪಾಗ್ಬಹುದು" ಅಂದ, ಮುಖದ ಒಂದು ಸ್ನಾಯುವೂ ಅಲುಗದೆ.

ಜುಲೈ 31

ಮೊದಲ ಪಟ್ಟಿ. ಕುಡಿಯುವ ನೀರಿನ ಫಿಲ್ಟರ್ ಪಕ್ಕ ಅಂಟಿಸಿದ್ದಾರೆ, ಬಾಯಾರಿದವರೆಲ್ಲ ಓದಲಿ ಅಂತ. ಗುಮ್ಮ ಮೊದಲು. ಫಸ್ಟ್ ರ‍್ಯಾಂಕ್ ಕಟ್ಟಕಡೆಗೆ. ಅವಳ ಮೇಜಿನಲ್ಲಿ ಒಂದು ಫೈಲೂ ಬಾಕಿಯಿಲ್ಲ — ಅದಕ್ಕೇ ಕಡೆಗೆ.

ದೊಡ್ಡ ಸಾಹೇಬರ ಕೋಣೆಗೆ ಹೋಗಿ ಎಲ್ಲ ಬಿಡಿಸಿ ಹೇಳಿದೆ. ಫೈಲು ಸುತ್ತುವುದನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ಕೇಳಿಸಿಕೊಂಡರು. ಕನ್ನಡಕ ಒರೆಸಿದರು.

"ನೋಡಿ, ಹಿಂದೆ ಶಿಫಾರಸು ಅಂತ ಬೈತಿದ್ರಿ. ಈಗ ಅಂಕಿ ಇದೆ, ಅಂಕಿಗೆ ಅಣ್ಣ ತಮ್ಮ ಇಲ್ಲ. ಇದನ್ನೂ ಬೈದ್ರೆ ಹೇಗೆ?"

ಹೊರಗೆ ಬಂದೆ. ಹೇಸಿಗೆಯಾಯಿತು. ಲಂಚ ತಿನ್ನುವವನ ಮುಖದಲ್ಲಿ ಸ್ವಲ್ಪವಾದರೂ ಕಳ್ಳತನ ಇರುತ್ತದೆ. ಇವರ ಮುಖ ತೊಳೆದಿಟ್ಟ ತಟ್ಟೆ.

ಆಗಸ್ಟ್ 6

ಫಸ್ಟ್ ರ‍್ಯಾಂಕ್ ಮಧ್ಯಾಹ್ನ ಊಟ ಮಾಡಲಿಲ್ಲ. ಕರೆದು ಕೇಳಿದೆ. ಅಕ್ಕನ ಮನೆಯಲ್ಲಿದ್ದಾಳಂತೆ, ಹಾಲ್‌ನಲ್ಲಿ ಮಲಗುವುದು. ಟೀವಿ ಆಫ್ ಆದ ಮೇಲೆ ಅವಳ ಹಾಸಿಗೆ.

"ಕೆಲಸ ಹೋದ್ರೆ ಭಾವ ಒಂದು ಮಾತೂ ಆಡಲ್ಲ ಮೇಡಂ. ಬೈಯೋರಾಗಿದ್ರೆ ಹೇಗೋ ಅಲ್ಲೇ ಇರಬಹುದಿತ್ತು."

ಇನ್ನೂ ಚೆನ್ನಾಗಿ ಮಾಡು ಅನ್ನಲೇ? ಚೆನ್ನಾಗಿ ಮಾಡಿದ್ದಕ್ಕೇ ಅಲ್ಲವೇ ಈ ಗತಿ. "ನನ್ನ ತಪ್ಪು ಏನು ಅಂತ ಹೇಳಿ, ತಿದ್ಕೋತೀನಿ" ಅಂದಳು.

ರಾತ್ರಿ ಮನೆಯಲ್ಲಿ ನನ್ನ ಕಷ್ಟ ನೋಡಿ ನಮ್ಮವರು ಅಂದರು, "ಗಾಳಿ ಬಂದಾಗ ತೂರಿಕೊಳ್ಳೋದು ಕಲಿಸು. ಪಾಪ, ಹುಡುಗಿ ಉಳ್ಕೊಳ್ಳಲಿ. ಸತ್ಯ ಆಮೇಲೆ ನೋಡಿದ್ರಾಯ್ತು."

ಆಗಸ್ಟ್ 7, ಸಂಜೆ

ಕಲಿಸಿದೆ.

ಎಲ್ಲರೂ ಹೋದ ಮೇಲೆ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು, ನಾನೇ ಮೌಸ್ ಹಿಡಿದು. ಇದನ್ನ ಇವನಿಗೆ ಕಳಿಸು, ಇದನ್ನ ಅವನಿಗೆ. "ಅಭಿಪ್ರಾಯಕ್ಕಾಗಿ" ಬರಿ. ಏನೂ ತೋಚದಿದ್ದರೆ "ಪರಿಶೀಲನೆಯಲ್ಲಿದೆ" ಬರಿ. ಬಂದದ್ದನ್ನು ಅಂದೇ ಮುಗಿಸಬೇಡ.

"ಆದ್ರೆ ಅರ್ಜಿ ಕೊಟ್ಟವರು?"

"ಪರ್ಮನೆಂಟ್ ಆಗೋವರೆಗೆ ಅಷ್ಟೇ. ಆಮೇಲೆ ನಿನ್ನಿಷ್ಟದ ಹಾಗೆ ಕೆಲಸ ಮಾಡು."

ನಂಬಿ ತಲೆಯಾಡಿಸಿದಳು. ಹೆಣ್ಣುಮಗಳೊಬ್ಬಳ ಅನ್ನ ಉಳಿಸಿದೆ ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಆದರೂ ರಾತ್ರಿ ರೊಟ್ಟಿ ಹಾಗೇ ಮುಚ್ಚಿಟ್ಟೆ.

ಆಗಸ್ಟ್ 31

ಮೊದಲ ಸ್ಥಾನ. ಗುಮ್ಮನನ್ನೂ ಹಿಂದೆ ಹಾಕಿದ್ದಾಳೆ. ಪರೀಕ್ಷೆಯಲ್ಲಿ ಗೆದ್ದ ತಲೆಯಲ್ಲವೇ, ಹೊಸ ದಾರಿ ಕಂಡುಹಿಡಿದಿದ್ದಾಳೆ — ಒಂದೇ ಫೈಲನ್ನು ಮೂರಾಗಿ ಒಡೆದು ಮೂರು ಕಡೆ ಸುತ್ತಿಸುವುದು. ಗುಮ್ಮ ಅವಳ ಮೇಜಿನ ಹತ್ತಿರ ನಿಂತು ಕಲಿಯುತ್ತಿದ್ದ, ಶಿಷ್ಯನ ಹಾಗೆ ಕೈಕಟ್ಟಿ.

ಸೆಪ್ಟೆಂಬರ್ 30

ಪರ್ಮನೆಂಟ್ ಆದಳು. ಆದೇಶ ಹಿಡಿದು ಬಂದು ನನ್ನ ಕಾಲಿಗೆ ಬೀಳಲು ಹೋದಳು, ತಡೆದೆ. "ನೀವಿಲ್ದಿದ್ರೆ ಏನಾಗ್ತಿತ್ತೋ" ಅಂದಳು. ಕಣ್ಣಲ್ಲಿ ನೀರು. ನಿಜವಾದ ನೀರು.

ನಮ್ಮ ವಿಭಾಗಕ್ಕೆ ಪ್ರಶಸ್ತಿಪತ್ರ. ಅತ್ಯಧಿಕ ಸರಾಸರಿ. ಚೌಕಟ್ಟು ಹಾಕಿಸಿಯೇ ಕೊಟ್ಟಿದ್ದಾರೆ, ಮುಖ್ಯಸ್ಥೆ ಅಂತ ನನ್ನ ಕೈಗೆ. ಮನೆಗೆ ತಂದೆ. ನಮ್ಮವರು ಮೊಳೆ, ಸುತ್ತಿಗೆ ಹಿಡಿದು "ಎಲ್ಲಿ ನೇತು ಹಾಕಲಿ?" ಅಂದರು. ಬಚ್ಚಲಲ್ಲಿ ಅಂದೆ. ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಅಕ್ಟೋಬರ್ 8

ಒಬ್ಬ ಹೆಂಗಸು ಬಂದಿದ್ದಳು. ಹೊಲಿಗೆ ಅಂಗಡಿ. ಲೈಸೆನ್ಸ್ ನವೀಕರಣಕ್ಕೆ ಆಗಸ್ಟ್‌ನಲ್ಲೇ ಅರ್ಜಿ ಕೊಟ್ಟಿದ್ದಾಳೆ. ಫೈಲು ನಮ್ಮ ಮೇಜುಗಳನ್ನು ಸುತ್ತುತ್ತಿರುವಾಗಲೇ ಅವಧಿ ತೀರಿತು. ಇನ್ಸ್‌ಪೆಕ್ಟರ್ ಬಂದು ಬಾಗಿಲಿಗೆ ಸೀಲು ಹಾಕಿದ. ನಿಯಮದ ಪ್ರಕಾರ, ತಪ್ಪೇ ಇಲ್ಲ.

"ಮಿಷನ್ ಒಳಗಿದೆ. ಜನ ಕೊಟ್ಟಿರೋ ಬಟ್ಟೆ ಎಲ್ಲ ಒಳಗೇ ಇದೆ. ಮನೆ ಬಾಗಿಲಿಗೆ ಬಂದು ಕೇಳ್ತಾರಮ್ಮ, ನಾನು ಕದ್ದು ಮಾರಿದೀನಿ ಅನ್ನೋ ಹಾಗೆ."

ಫೈಲು ಫಸ್ಟ್ ರ‍್ಯಾಂಕ್ ಹತ್ತಿರ ಇದೆ. ಅವಳು ಟಿಪ್ಪಣಿ ಬರೆದು ನನಗೆ ಕಳಿಸಿದರೆ ಸಹಿ — ಅದಿಲ್ಲದೆ ನಾನು ಸಹಿ ಹಾಕುವ ಹಾಗಿಲ್ಲ — ಆಮೇಲೆ ಸೀಲು ತೆಗೆಯಲು ಆದೇಶ. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಮುಗಿಸು ಎಂದು ಹೇಳಿ ಸಾಹೇಬರ ಸಭೆಗೆ ಹೋದೆ.

ಅಕ್ಟೋಬರ್ 15

ಹೊಲಿಗೆಯವಳು ಮತ್ತೆ ಬಂದಳು. ಫೈಲು ಮುಗಿದಿಲ್ಲ. ಗುಮ್ಮನ ಹತ್ತಿರ ಹೋಗಿ ಬಂದಿದೆ, ಅಭಿಪ್ರಾಯಕ್ಕಾಗಿ.

ಎದ್ದು ಫಸ್ಟ್ ರ‍್ಯಾಂಕ್ ಮೇಜಿಗೇ ಹೋದೆ. "ಈಗ ನೀನು ಪರ್ಮನೆಂಟ್ ಕಣೆ. ಯಾರೂ ನಿನ್ನನ್ನ ತೆಗೆಯೋ ಹಾಗಿಲ್ಲ. ಆ ಆಟ ಸಾಕು, ಮುಗಿಸು."

"ಪಾಯಿಂಟ್‌ಗಲ್ಲ ಮೇಡಂ." ಧ್ವನಿ ಮೆತ್ತಗೇ ಇತ್ತು, ಎಂದಿನ ಹಾಗೇ ಮರ್ಯಾದೆ. "ಅವಧಿ ತೀರಿದ ಮೇಲೆ ನವೀಕರಣ ಕೊಟ್ಟಿದ್ದು ಯಾಕೆ ಅಂತ ನಾಳೆ ಯಾರಾದ್ರೂ ಕೇಳಿದ್ರೆ? ನಾನು ಮುಗಿಸಿದ್ರೆ ಜವಾಬ್ದಾರಿ ನನ್ನದಾಗುತ್ತೆ. ಸುತ್ತಿದ್ರೆ ಎಲ್ಲರದೂ ಆಗುತ್ತೆ, ಯಾರದೂ ಆಗಲ್ಲ. ನನಗೆ ಈಗಲೇ ಅರ್ಥ ಆಗಿದ್ದು, ಇದು ಎಷ್ಟು ಅನುಕೂಲ ಅಂತ."

ಅವಳನ್ನೇ ನೋಡಿದೆ. ಕೆಟ್ಟವಳಾಗಿ ಕಾಣಲಿಲ್ಲ. ಚೆನ್ನಾಗಿ ನಿದ್ದೆ ಮಾಡಿದವಳ ಹಾಗೆ ಕಂಡಳು.

ನನ್ನ ಕಂಪ್ಯೂಟರಿಗೆ ಹೋಗಿ ಲಿಖಿತ ಆದೇಶ ಕಳಿಸಿದೆ: ಇಂದೇ ಮುಗಿಸತಕ್ಕದ್ದು. ತಕ್ಷಣ ಉತ್ತರ ಬಂತು. ಫೈಲು ಕಾನೂನು ವಿಭಾಗಕ್ಕೆ ಹೋಗಿದೆ. "ಮುಖ್ಯಸ್ಥರ ಆದೇಶದ ಬಗ್ಗೆ ಅಭಿಪ್ರಾಯಕ್ಕಾಗಿ ಮಂಡಿಸಿದೆ." ಕಾನೂನು ವಿಭಾಗಕ್ಕೆ ಹೋದದ್ದನ್ನು ವಾಪಸ್ ಕರೆಸುವ ಅಧಿಕಾರ ನನಗಿಲ್ಲ. ಅದು ಅವಳಿಗೆ ಗೊತ್ತು. ನಿಯಮದ ಪುಸ್ತಕ ಓದಿದವಳು ನಮ್ಮಲ್ಲಿ ಅವಳೊಬ್ಬಳೇ.

"ನಾಳೆ ಬನ್ನಿ" ಎಂದು ಹೊಲಿಗೆಯವಳಿಗೆ ಹೇಳಿದಳು, ತಲೆಯೆತ್ತದೆ.

ಹೊಲಿಗೆಯವಳು ನನ್ನ ಕಡೆ ತಿರುಗಿದಳು. "ನೀವು ದೊಡ್ಡೋರಲ್ವಾ? ನಿಮ್ಮ ಮಾತೂ ಕೇಳಲ್ವಾ ಈ ಹುಡುಗಿ? ಯಾರಮ್ಮ ಇವಳಿಗೆ ಹಿಂಗೆ ಕಲಿಸಿದ್ದು?"

ಬಾಯಿ ತೆರೆದೆ. ಇಡೀ ವಿಭಾಗ ಕೇಳಿಸಿಕೊಳ್ಳುತ್ತಿತ್ತು. ಅವಳಿಗೆ ಹೇಳಿದೆ, ನಾನು ಹೇಳಿದ್ದು ಇಷ್ಟೇ — "ಪರಿಶೀಲನೆಯಲ್ಲಿದೆ."