ಐವತ್ಮೂರನೆಯವಳು ಮೂರನೇ ಮಹಡಿಯಲ್ಲೇ ಇದ್ದಳು

ನಮ್ಮ ಕಟ್ಟಡವನ್ನು ಮಾದರಿ ಎಂದು ಆರಿಸಿದ ಮಾನ್ಯ ಅಗ್ನಿ ಸುರಕ್ಷತಾ ಅಧಿಕಾರಿಗಳೇ,

ನೀವು ನಮಗೆ ಕೊಟ್ಟ ಸುರಕ್ಷತಾ ಪ್ರಮಾಣಪತ್ರವನ್ನು ದಯವಿಟ್ಟು ರದ್ದು ಮಾಡಿ. ಪ್ರಮಾಣಪತ್ರ ಸಿಗಲಿಲ್ಲವೆಂದು ಗೋಳಾಡುವವರನ್ನು ನೀವು ದಿನಾ ನೋಡುತ್ತೀರಿ. ಕೊಟ್ಟದ್ದನ್ನು ವಾಪಸ್ಸು ಪಡೆಯಿರಿ ಎಂದು ಬೇಡುವವನು ಬಹುಶಃ ನಾನೊಬ್ಬನೇ. ಮೊನ್ನೆ ನಿಮ್ಮ ಕಚೇರಿಯಿಂದ ಬಂದ ಪತ್ರದಲ್ಲಿ, ನಮ್ಮ ಕಟ್ಟಡ ಈ ಭಾಗದ 'ಮಾದರಿ ವಸತಿ ಸಮುಚ್ಚಯ'ವೆಂದು ಆಯ್ಕೆಯಾಗಿದೆ, ಸಂಘದ ಕಾರ್ಯದರ್ಶಿಯಾದ ನಾನು ಸಮಾರಂಭಕ್ಕೆ ಬಂದು ಶಾಲು, ನೆನಪಿನ ಕಾಣಿಕೆ ಸ್ವೀಕರಿಸಿ ಐದು ನಿಮಿಷ ಮಾತನಾಡಬೇಕು ಎಂದಿದೆ. ನಾನು ಹೇಳಬೇಕಾದದ್ದು ಐದು ನಿಮಿಷದಲ್ಲಿ ಮುಗಿಯುವುದಿಲ್ಲ. ಶಾಲು ಹೊದ್ದುಕೊಂಡು ಹೇಳುವ ಮಾತೂ ಅದಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ನಾಲ್ಕು ಜನರೆದುರಿಗೇ ಹೇಳುತ್ತಿದ್ದೇನೆ.

ನಾನು ಮಚ್ಛೆ ಊರಿನ ಒಂದು ಫೌಂಡ್ರಿಯಲ್ಲಿ ಮೂವತ್ತೊಂದು ವರ್ಷ ಕರಗಿದ ಕಬ್ಬಿಣ ಹೊಯ್ದವನು. ಬೆಂಕಿಯೆಂದರೆ ನನಗೆ ಹೆದರಿಕೆ ಇಲ್ಲ, ಮರ್ಯಾದೆ ಇದೆ. ನಿವೃತ್ತನಾದ ಮೇಲೆ ಬೆಳಗಾವಿಯ ಈ ಕಟ್ಟಡದಲ್ಲಿ ಮೂರನೇ ಮಹಡಿಯ ಮನೆ ಹಿಡಿದೆವು. ಗಾಳಿ ಬೆಳಕು ಚೆನ್ನಾಗಿದೆ, ಲಿಫ್ಟ್ ಇದೆ ಎಂಬುದು ಆಗಿನ ನಮ್ಮ ಲೆಕ್ಕಾಚಾರ. ನನಗೆ ನಿಜವಾಗಿ ಹೆದರಿಕೆಯಾದದ್ದು ನಿಮ್ಮ ನೋಟಿಸು ಬಂದ ದಿನ. ಅದರಲ್ಲಿ ಹದಿನೇಳು ಸೂಚನೆಗಳಿದ್ದವು. ಬೆಂಕಿ ಕಂಡಾಗ ಗಾಬರಿಯಾಗಬಾರದು ಎಂಬುದು ಮೊದಲನೆಯದು. ಸೂಚನೆಗಳನ್ನು ಪಾಲಿಸದಿದ್ದರೆ ಕಟ್ಟುನಿಟ್ಟಿನ ಕ್ರಮ ಕೈಗೊಳ್ಳಲಾಗುವುದು ಎಂಬುದು ಹದಿನೇಳನೆಯದು. ಎರಡನ್ನೂ ಒಟ್ಟಿಗೆ ಓದಿ ಗಾಬರಿಯಾಗದೆ ಉಳಿಯುವ ಗಟ್ಟಿಗ ನಿಮ್ಮ ಕಚೇರಿಯಲ್ಲಾದರೂ ಇದ್ದಾನೆಯೇ?

ನಡುವೆ ಆರನೇ ಸೂಚನೆಯೊಂದಿತ್ತು: ಬೆಂಕಿ ಅನಾಹುತದ ಸಂದರ್ಭದಲ್ಲಿ ಲಿಫ್ಟ್ ಬಳಸಬಾರದು, ಮೆಟ್ಟಿಲುಗಳನ್ನೇ ಬಳಸಬೇಕು. ಒಳ್ಳೆಯ ಮಾತು, ನಾನೂ ಒಪ್ಪುತ್ತೇನೆ. ಆದರೆ ನನ್ನ ಹೆಂಡತಿ ಗೌರವ್ವನ ಮೊಣಕಾಲು ಒಪ್ಪುವುದಿಲ್ಲ. ಮೂರು ವರ್ಷದಿಂದ ಅವಳು ಒಂದು ಮೆಟ್ಟಿಲನ್ನೂ ಇಳಿದಿಲ್ಲ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ ಎಂದು ಕಾಲು ನೋಯುವವರೆಲ್ಲರಿಗೂ ಗೊತ್ತು, ಸೂಚನೆ ಬರೆಯುವವರಿಗೆ ಮಾತ್ರ ಗೊತ್ತಿಲ್ಲ. ಲಿಫ್ಟ್ ಬಳಸಬಾರದು, ಮೆಟ್ಟಿಲು ಇಳಿಯಲಾಗದು, ಅಂಥವರು ಏನು ಮಾಡಬೇಕು? ಏಳನೇ ಸೂಚನೆಯಲ್ಲಿ ಉತ್ತರವಿದೆಯೇನೋ ಎಂದು ಹುಡುಕಿದೆ. ಏಳನೆಯದು ಪಟಾಕಿಯ ಬಗ್ಗೆ ಇತ್ತು.

ಆಮೇಲೆ ನಿಮ್ಮ ಅಣಕು ಕಾರ್ಯಾಚರಣೆಯ ದಿನ ಬಂತು. ಬಂತು ಎನ್ನುವುದಕ್ಕಿಂತ, ನಾವು ಆ ದಿನವನ್ನು ಗೊತ್ತುಮಾಡಿದೆವು ಎನ್ನಬೇಕು. ನೀವು ಮೊದಲು ಹೇಳಿದ ದಿನ ಅಮಾವಾಸ್ಯೆ ಇತ್ತು. ಎರಡನೇ ಮಹಡಿಯ ಸಂಗವ್ವ, "ಅಮಾಸಿ ದಿನ ಬೆಂಕಿ ಹಚ್ಚಾಕ ಹೋಗಬ್ಯಾಡ್ರಿ, ಸುಮ್ನ ಬಿದಿಗಿಗೆ ಇಟಗೊಳ್ರಿ" ಎಂದರು. ನಾನು ಅಂಜುತ್ತಲೇ ನಿಮಗೆ ಫೋನ್ ಮಾಡಿದೆ. ಬೆಂಕಿ ಪಂಚಾಂಗ ನೋಡಿ ಬರುವುದಿಲ್ಲ ಎಂದು ಗದರುತ್ತೀರಿ ಅಂದುಕೊಂಡಿದ್ದೆ. ನೀವು, "ಹಂಗಾರ ಬಿದಿಗಿಗೇ ಬರ್ತೇವ್ರಿ, ನಮ್ಮ ಮನ್ಯಾಗೂ ಅಮಾಸಿ ಹಿಡೀತಾರ" ಎಂದಿರಿ. ಆ ಒಂದು ಮಾತಿಗೆ ನೀವು ನಮ್ಮವರೇ ಅನ್ನಿಸಿಬಿಟ್ಟಿರಿ.

ನಮ್ಮವರು ಮನೆಗೆ ಬಂದರೆ ಬರೀ ನೀರು ಕೊಟ್ಟು ಕಳಿಸುವುದುಂಟೇ? ಸಂಘದ ಸಭೆಯಲ್ಲಿ ಬೆಂಕಿಯ ಬಗ್ಗೆ ಹತ್ತು ನಿಮಿಷ, ಉಪಾಹಾರದ ಬಗ್ಗೆ ಒಂದೂವರೆ ತಾಸು ಚರ್ಚೆಯಾಯಿತು. ಸುಸಲಾ, ಮಿರ್ಚಿ ಭಜಿ, ಚಹಾ ಎಂದು ತೀರ್ಮಾನವಾಯಿತು. ಮಾಡುವವರು ಯಾರು? ಎಲ್ಲರೂ ಮೆಟ್ಟಿಲಿಳಿದು ಓಡಬೇಕಲ್ಲ! ಆಗ ಮೊದಲ ಮಹಡಿಯ ರೋಹನ, ನಮ್ಮ ಸಂಘದ ಅತ್ಯುತ್ಸಾಹಿ ಸದಸ್ಯ, ದಾರಿ ಕಂಡುಹಿಡಿದ. "ಗೌರವ್ವ ಕಾಕೂಗ ಹ್ಯಾಂಗೂ ಇಳಿಯಾಕ ಬರೂದಿಲ್ಲ. ಅವರು ಮ್ಯಾಲ ಕುಂತು ಚಹಾ ನಾಷ್ಟಾ ನೋಡ್ಕೊಳ್ಳಿ." ಎಲ್ಲರೂ ತಲೆದೂಗಿದರು. ನಾನೂ ತಲೆದೂಗಿದೆ. ಗೌರವ್ವನಿಗೆ ಹೇಳಿದಾಗ ಅವಳು, "ಎಷ್ಟ ಮಂದಿ ಬರ್ತಾರ?" ಎಂದಷ್ಟೇ ಕೇಳಿ ಮೆಣಸಿನಕಾಯಿ ತರಲು ಚೀಟಿ ಬರೆಸಿದಳು.

ಬಿದಿಗೆಯ ದಿನ ನಮ್ಮ ಕಟ್ಟಡದ ಸಡಗರ ನೀವೇ ನೋಡಿದಿರಿ. ಗಣಪತಿ ಹಬ್ಬದಲ್ಲಿ ಕಟ್ಟಿದ್ದ ಥರ್ಮೋಕೋಲಿನ ಅರಮನೆಯನ್ನು ನಾವು ಮೆಟ್ಟಿಲ ಕೆಳಗೆ, ಮೀಟರ್ ಬೋರ್ಡಿನ ಬಾಜು ತುಂಬಿಟ್ಟಿದ್ದೆವು. ಬೆಳಿಗ್ಗೆಯೇ ಅದನ್ನು ಹೊತ್ತು ಹಿತ್ತಲಿಗೆ ಸಾಗಿಸಿದೆವು. ಎಲ್ಲ ಮುಗಿಸಿ ಹೊರಟ ನಿಮ್ಮ ವಾಹನ ಓಣಿ ದಾಟುವ ಮೊದಲೇ ಅದು ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಹನ್ನೊಂದಕ್ಕೆ ಸೈರನ್ ಆಯಿತು. ಸಂಗವ್ವ ಇಳಕಲ್ ಸೀರೆ ಉಟ್ಟು, ಮನೆಗೆ ಬೀಗ ಹಾಕಿ, ಅರ್ಧ ಇಳಿದು, ಬೀಗ ಸರಿಯಾಗಿ ಬಿದ್ದಿದೆಯೋ ಎಂದು ಮತ್ತೆ ಮೇಲೆ ಹೋಗಿ ಜಗ್ಗಿ ನೋಡಿ ಬಂದರು. ಫೋಟೊ ತೆಗೆಯುತ್ತಾರೆಂದು ಗಂಡಸರೆಲ್ಲ ಇಸ್ತ್ರಿ ಅಂಗಿ ಹಾಕಿದ್ದೆವು. ನಾಲ್ಕು ನಿಮಿಷ ನಲವತ್ತು ಸೆಕೆಂಡಿನಲ್ಲಿ ಅಂಗಳ ತುಂಬಿತು.

"ಎಲ್ಲಾರೂ ಬಂದ್ರೇನ್ರಿ?" ಎಂದು ನೀವು ಕೇಳಿದಿರಿ.

"ಬಂದೇವ್ರಿ!" ಎಂದು ನಾವು ಸಾಲಿಯ ಮಕ್ಕಳ ಹಾಗೆ ಒಕ್ಕೊರಲಿನಿಂದ ಕೂಗಿದೆವು.

ಅಷ್ಟರಲ್ಲಿ ಚಹಾ ತಯಾರಾಗಿತ್ತು. ತರಲು ಸಂಗವ್ವ ಹೊರಟರೆ ನೀವು ತಡೆದಿರಿ, ಕಾರ್ಯಾಚರಣೆ ಮುಗಿಯುವ ತನಕ ಯಾರೂ ಒಳಗೆ ಹೋಗುವಂತಿಲ್ಲ ಎಂದಿರಿ. ನಿಯಮವೆಂದರೆ ನಿಯಮ. ಆಗ ಗೌರವ್ವ ದಿನವೂ ಕಾಯಿಪಲ್ಲೆ ಏರಿಸಿಕೊಳ್ಳುವ ಹಗ್ಗದ ಬುಟ್ಟಿಯಲ್ಲಿ ಚಹಾದ ಕಿಟ್ಲಿ ಇಟ್ಟು ಬಾಲ್ಕನಿಯಿಂದ ಇಳಿಬಿಟ್ಟಳು. ಎರಡನೇ ಸಲಕ್ಕೆ ಬಿಸಿ ಮಿರ್ಚಿ ಬಂತು. ಖಾಲಿಯಾಗಿದೆ, ಹೊತ್ತಿ ಉರಿಯುತ್ತಿದೆ ಎಂದು ನೀವೇ ಘೋಷಿಸಿದ್ದ ಕಟ್ಟಡದಿಂದ ಮಿರ್ಚಿ ಇಳಿದು ಬರುತ್ತಿತ್ತು. ಮೇಲೆ ಗ್ಯಾಸ್ ಒಲೆಯ ಮೇಲೆ ಎಣ್ಣೆ ಕುದಿಯುತ್ತಿತ್ತು. ನೀವು ತಲೆ ಎತ್ತಿ, "ಚಹಾ ಭಾಳ ಚೊಲೋ ಆಗೇತ್ರಿ ಅವ್ವಾರ!" ಎಂದು ಕೈ ಮುಗಿದಿರಿ. ಮಾನ್ಯರೇ, ನಿಮಗೆ ಚಹಾ ಕಾಣಿಸಿತು, ರುಚಿಯೂ ತಿಳಿಯಿತು. ಅದನ್ನು ಕಳಿಸಿದವಳು ಎಲ್ಲಿದ್ದಾಳೆ ಎಂಬ ಪ್ರಶ್ನೆ ಹೊಳೆಯಲಿಲ್ಲವೇ? ಹೊಳೆದದ್ದು ನಿಮ್ಮ ಸಿಬ್ಬಂದಿಯ ಯಲ್ಲೇಶ ಎಂಬ ತರುಣನಿಗೆ ಮಾತ್ರ. "ಮ್ಯಾಲ ಯಾರ ಅದಾರ್ರಿ?" ಎಂದು ಅವನು ಕೇಳಿದ. "ನಮ್ಮ ಗೌರವ್ವಕ್ಕರೀ, ಮಿರ್ಚಿ ಕರಿಯಾಕತ್ತಾರ" ಎಂದರು ಸಂಗವ್ವ. ಎಲ್ಲರೂ ನಕ್ಕರು. ಅವನು ನಗಲಿಲ್ಲ.

ಆಮೇಲೆ ನಿಮ್ಮ ನಮೂನೆ ನನ್ನ ಕೈಗೆ ಬಂತು. ಒಟ್ಟು ನಿವಾಸಿಗಳು: ಐವತ್ಮೂರು. ಸುರಕ್ಷಿತವಾಗಿ ಹೊರಬಂದವರು? ನಾನು ಪೆನ್ನು ಹಿಡಿದು ಒಂದು ಗಳಿಗೆ ತಡೆದೆ. ರೋಹನ ಕಿವಿಯಲ್ಲಿ, "ಐವತ್ಮೂರೇ ಹಾಕ್ರಿ ಕಾಕಾ, ಕಾಕು ಚಹಾದ ಕೆಲಸಕ್ಕ ಉಳದಾರ, ಅದೇನ ಲೆಕ್ಕಕ್ಕ ಬರೂದಿಲ್ಲ" ಎಂದ. ಫೌಂಡ್ರಿಯಲ್ಲಿ ಪಾಳಿ ಬಿಡುವಾಗ ಒಳಗೆ ಹೋದವರಷ್ಟೇ ಜನ ಹೊರಗೆ ಬಂದರೇ ಎಂದು ಎಣಿಸಿ, ಕೊನೆಯವನು ಬರುವ ತನಕ ಬಾಗಿಲಲ್ಲಿ ನಿಲ್ಲುತ್ತಿದ್ದವನು ನಾನು. ಒಮ್ಮೆ ಒಬ್ಬ ಮರಳಿನ ರಾಶಿಯ ಹಿಂದೆ ನಿದ್ದೆ ಹೋಗಿದ್ದನೆಂದು ಇಡೀ ಪಾಳಿಯನ್ನು ಅರ್ಧ ತಾಸು ನಿಲ್ಲಿಸಿದ್ದೆ. ಅಂಥ ನಾನು ಐವತ್ಮೂರು ಎಂದು ಬರೆದು ಸಹಿ ಮಾಡಿದೆ. ನೀವು ಬೆನ್ನು ತಟ್ಟಿ ಪ್ರಮಾಣಪತ್ರಕ್ಕೆ ಮುದ್ರೆ ಒತ್ತಿದಿರಿ.

ಇದಾಗಿ ಒಂದು ತಿಂಗಳಿಗೆ ಬೆಂಕಿ ಬಂತು, ಯಾರನ್ನೂ ಕೇಳದೆ. ನಾನು ಆ ದಿನ ಖಾನಾಪುರದಲ್ಲಿ ನನ್ನ ತಂಗಿ ಫಕೀರವ್ವನ ಮನೆಯಲ್ಲಿದ್ದೆ. ಅವಳ ಓಣಿಯಲ್ಲಿ ನೆಲಮಹಡಿಯ ಮನೆಯೊಂದು ಖಾಲಿ ಇದೆ, ವೈನಿ ಗೌರವ್ವನ ಕಾಲಿಗೆ ಅನುಕೂಲವಾಗುತ್ತದೆ ಎಂದು ಕರೆಸಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ ರೋಹನನ ಫೋನ್.

"ಕಾಕಾ, ಮೀಟರ್ ಬೋರ್ಡಿಗೆ ಬೆಂಕಿ ಹತ್ತೇತಿ. ಗಣಪತಿ ಥರ್ಮೋಕೋಲಿಗೂ ಹತ್ತಿ ಮೆಟ್ಟಲ ತುಂಬ ಹೊಗಿ ಆಗೇತಿ. ನೀವೇನೂ ಚಿಂತಿ ಮಾಡಬ್ಯಾಡ್ರಿ, ಎಲ್ಲಾರೂ ಇಳದೇವಿ."

"ನಿಮ್ಮ ಕಾಕು?"

ಆ ಕಡೆ ಸಂಗವ್ವ ಅಳುವುದು ಕೇಳಿಸಿತು.

ಎಂಜಲು ಕೈಯಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದೆ. ಖಾನಾಪುರದಿಂದ ಬೆಳಗಾವಿಗೆ ಮುಕ್ಕಾಲು ತಾಸಿನ ದಾರಿ. ನನ್ನ ಮುಖ ನೋಡಿ ಬಾಜು ಕೂತ ಹೆಣ್ಣುಮಗಳೊಬ್ಬಳು, "ಕಾಯ್ ಝಾಲಂ ಮಾಮಾ?" ಎಂದು ಕೇಳಿದಳು. ಏನಾಯಿತೆಂದು ಹೇಳಲು ನನಗೆ ಮರಾಠಿಯೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ನಾಲ್ಕನೇ ಸಲಕ್ಕೆ ಗೌರವ್ವ ಫೋನ್ ಎತ್ತಿದಳು. ಕೆಮ್ಮುತ್ತ, "ಗ್ಯಾಸ ಬಂದ್ ಮಾಡೇನಿ. ಬಾಗಲಾ ಹಾಕಿ, ಸಂದಿಗೆ ಕೌದಿ ತೋಯಿಸಿ ಒತ್ತೇನಿ. ಬಾಲ್ಕನ್ಯಾಗ ಕುಂತೇನಿ. ಕೆಳಗಿಂದ ಎಲ್ಲಾರೂ ಇಳೀರಿ ಇಳೀರಿ ಅಂತ ಒದರಾಕತ್ತಾರ. ಇಳಿಯಾಕ ಬಂದಿದ್ರ ಇಷ್ಟ ದಿನ ಮ್ಯಾಲ ಯಾಕ ಕುಂದರತಿದ್ದೆ?" ಎಂದಳು. ಆಮೇಲೆ, "ನೀವು ಉಂಡ್ರಿ?" ಎಂದಳು. ಅಲ್ಲಿಗೆ ಫೋನ್ ಕಟ್ಟಾಯಿತು. ಮುಂದಿನ ಅರ್ಧ ತಾಸು ಅದು ಮತ್ತೆ ಹತ್ತಲಿಲ್ಲ. ಮೂವತ್ತೊಂದು ವರ್ಷ ಕುಲುಮೆಯ ಮುಂದೆ ನಿಂತವನು ಆ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು ಅತ್ತುಬಿಟ್ಟೆ.

ನಾನು ತಲುಪುವಾಗ ಗೌರವ್ವ ಎದುರಿನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು. ಮುಖವೆಲ್ಲ ಮಸಿ. ನಿಮ್ಮ ವಾಹನ ಬಂದಾಗ ನಮ್ಮವರು ರೂಢಿಯಂತೆ "ಎಲ್ಲಾರೂ ಇಳದೇವ್ರಿ" ಎಂದೇ ಹೇಳಿದರಂತೆ. ಯಲ್ಲೇಶ ಕೇಳಿಸಿಕೊಳ್ಳಲಿಲ್ಲವಂತೆ. "ಮ್ಯಾಲ ಚಹಾ ಮಾಡಿದ ಅವ್ವಾರು ಅದಾರ" ಎನ್ನುತ್ತ ಮುಖವಾಡ ಹಾಕಿಕೊಂಡು ಸೀದಾ ಮೂರನೇ ಮಹಡಿಗೆ ಹೋದನಂತೆ. ಹೊಗೆ ತಗ್ಗಿದ ಕೂಡಲೇ ಇನ್ನೊಬ್ಬನನ್ನು ಕರೆದು, ನಮ್ಮದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಮುಂದೊಬ್ಬ ಹಿಂದೊಬ್ಬ ಹಿಡಿದು ಇಳಿಸಿದರು. ಹಿಡಿದದ್ದು ಆರು ನಿಮಿಷ. ಒಂದು ಕುರ್ಚಿ, ಇಬ್ಬರು ಗಂಡಾಳು. ಇಷ್ಟೇ ಬೇಕಾಗಿದ್ದದ್ದು.

ನಾನು ಅವಳ ಕೈ ಹಿಡಿದುಕೊಂಡೆ. ಓಣಿಯವರೆದುರು ಕುರ್ಚಿಯಲ್ಲಿ ಹೊತ್ತು ತಂದರೆಂದು ಅವಳಿಗೆ ನಾಚಿಕೆ. ಸೆರಗು ಸರಿಮಾಡಿಕೊಳ್ಳುತ್ತ ಮೆಲ್ಲಗೆ ಒಂದು ಮಾತು ಹೇಳಿದಳು: "ಅವತ್ತ ಎಷ್ಟ ಮಂದಿಗೆ ಚಹಾ ಅಂತ ಎಲ್ಲಾರೂ ಹೇಳಿದ್ರಿ. ನೀನೂ ಕೆಳಗ ಬರ್ತೀ ಏನು ಅಂತ ಯಾರೂ ಕೇಳಲಿಲ್ಲ. ನೀವೂ ಕೇಳಲಿಲ್ಲ."

ಮಾನ್ಯರೇ, ನಿಮ್ಮ ಪತ್ರದಲ್ಲಿ 'ಪೂರ್ವಾಭ್ಯಾಸದ ಫಲವಾಗಿ ಐವತ್ಮೂರೂ ಜನ ಪಾರಾದರು' ಎಂದಿದೆ. ಪೂರ್ವಾಭ್ಯಾಸದ ಫಲವಾಗಿ ಐವತ್ತೊಂದು ಜನ ಅಂಗಳದಲ್ಲಿ ನಿಂತಿದ್ದರು, ಒಬ್ಬ ಖಾನಾಪುರದಲ್ಲಿದ್ದ, ಒಬ್ಬಳು ಹೊಗೆಯ ಮೇಲೆ ಕೂತಿದ್ದಳು. ಅವಳನ್ನು ಉಳಿಸಿದ್ದು ನಿಮ್ಮ ಕಡತವಲ್ಲ, ಅವಳು ಒದ್ದೆ ಮಾಡಿದ ಕೌದಿ ಮತ್ತು ಯಲ್ಲೇಶನ ನೆನಪು. ಆ ಶಾಲನ್ನು ಅವನಿಗೆ ಹೊದಿಸಿ. ಅವನಿಗೆ ವರ್ಗವಾದ ದಿನ ನಮ್ಮ ಓಣಿಯ ಗತಿಯೇನು ಎಂಬುದನ್ನೂ ಯೋಚಿಸಿ. ಈ ಊರಿನಲ್ಲಿ ಎಷ್ಟು ಕಟ್ಟಡಗಳಲ್ಲಿ ಎಷ್ಟು ಜನ ಇಳಿಯಲಾರದವರು ಹೀಗೆ ಮೇಲೆ ಕೂತಿದ್ದಾರೆಂದು ನಿಮಗೆ ಗೊತ್ತೇ? ಗೊತ್ತಿರಲು ಸಾಧ್ಯವಿಲ್ಲ, ನಿಮ್ಮ ನಮೂನೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ನಮ್ಮ ತಪ್ಪು ನಾವು ತಿದ್ದಿಕೊಂಡಿದ್ದೇವೆ. ಮೆಟ್ಟಿಲ ಕೆಳಗೆ ಈಗ ಒಂದು ಪೊರಕೆಯೂ ಇಲ್ಲ. ರೋಹನ ಕಾಕುವಿನ ಕಾಲು ಮುಟ್ಟಿ ತಪ್ಪಾಯಿತೆಂದ, ನಾನು ಇನ್ನೂ ಸರಿಯಾಗಿ ಹೇಳಿಲ್ಲ. ಖಾನಾಪುರದ ಮನೆ ಬೇಡವೆಂದಿದ್ದಾಳೆ ಗೌರವ್ವ, "ಬೆಂಕಿಗೆ ಅಂಜಿ ಊರ ಬಿಡೂದಾ?" ಎಂದು. ಈಗ ನಿಮ್ಮ ಪಾಳಿ. ಇಳಿಯಲಾರದವರ ಹೆಸರು, ಅವರ ಮನೆ, ಅವರನ್ನು ಇಳಿಸುವ ಇಬ್ಬರ ಹೆಸರು ಬರೆಯಲು ನಿಮ್ಮ ನಮೂನೆಯಲ್ಲಿ ಮೂರು ಸಾಲು ಕೂಡಿಸಿ. ಆ ಸಾಲು ಖಾಲಿ ಇರುವ ತನಕ ಯಾವ ಕಟ್ಟಡಕ್ಕೂ ಮುದ್ರೆ ಒತ್ತಬೇಡಿ. ನಮ್ಮಿಂದಲೇ ಶುರುಮಾಡಿ, ನಮ್ಮ ಪ್ರಮಾಣಪತ್ರ ರದ್ದು ಮಾಡಿ ಮತ್ತೊಮ್ಮೆ ತಪಾಸಣೆಗೆ ಬನ್ನಿ. ಅಮಾವಾಸ್ಯೆಯಾದರೂ ಸರಿ, ಹೇಳದೆಯೇ ಬನ್ನಿ. ಆ ದಿನ ಸೈರನ್ ಆದಾಗ ಕಾರ್ಯದರ್ಶಿ ಅಂಗಳದಲ್ಲಿ ಕಾಣದಿದ್ದರೆ ಹುಡುಕಬೇಡಿ. ನಾನು ಮೂರನೇ ಮಹಡಿಯಲ್ಲಿ ಕುರ್ಚಿಯ ಒಂದು ತುದಿ ಹಿಡಿದು, ಇನ್ನೊಂದು ತುದಿ ಹಿಡಿಯುವವನ ದಾರಿ ಕಾಯುತ್ತಿರುತ್ತೇನೆ. ಅವಳು ಇಳಿಯದೆ ನಾನು ಇಳಿಯುವುದಿಲ್ಲ.

ಇಂತಿ,
ಹೆಂಡತಿಯನ್ನು ಮೇಲೆ ಬಿಟ್ಟು, ಇಸ್ತ್ರಿ ಅಂಗಿ ಹಾಕಿಕೊಂಡು ಇಳಿದುಬಂದಿದ್ದ
ಗುರುಪುತ್ರಪ್ಪ
ಬೆಳಗಾವಿ