ಸಾಕು ಎಂದರೆ

೧೪ ಜನವರಿ ೨೦೨೩, ಶನಿವಾರ, ಜನಕಪುರಿ, ದೆಹಲಿ

ಮಗಳು ಪ್ರಜ್ಞಾ ಕೋವಿಡ್ ಲಸಿಕೆಯ ಬೂಸ್ಟರ್ ಬೇಡವೆಂದದ್ದು ಇನ್ನೂ ತಲೆ ಕೊರೆಯುತ್ತಿದೆ. ಮಧ್ಯಾಹ್ನ ನಮ್ಮ ಹೋಟೆಲಿನಲ್ಲಿ ಒಂದೇ ಟೇಬಲ್ಲಿಗೆ ಕೂತ ಇಬ್ಬರು ಡಾಕ್ಟರುಗಳೂ ಇದಕ್ಕೇ ವಾದಕ್ಕಿಳಿದಿದ್ದರು. ಎಲ್ಲರೂ ಹಾಕಿಸಿಕೊಳ್ಳಲಿ ಎಂದು ಒಬ್ಬರು, ಆರೋಗ್ಯವಾಗಿರುವವರಿಗೆ ಯಾಕೆ ಎಂದು ಇನ್ನೊಬ್ಬರು. ದೋಸೆ ಹುಯ್ಯುವ ನಾನು ಯಾರನ್ನು ನಂಬಲಿ?

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಅವಳ ಹತ್ತಿರ ಮತ್ತೆ ಮಾತು ತೆಗೆದೆ.

"ಪಪ್ಪಾ, ಎರಡು ಡೋಸ್ ಆಯ್ತು, ಕೋವಿಡ್ ಭೀ ಬಂದು ಹೋಯ್ತು. ನಾನು ಹೆಲ್ದಿ ಇದ್ದೀನಿ ನಾ? ಬಸ್, ಸಾಕು."

ಸಾಕಂತೆ! ನಮ್ಮ ಉಡುಪಿ ಕಡೆ ಆ ಮಾತನ್ನು ಯಾರು ನಂಬುತ್ತಾರೆ? ಉಣ್ಣುವವರು ಸಾಕೆಂದರೂ ಇನ್ನೊಂದು ಸೌಟು ಬಡಿಸುತ್ತೇವೆ. ಎಲೆಗೆ ಕೈ ಅಡ್ಡ ಹಿಡಿದರೆ ಮಾತ್ರ ನಿಲ್ಲಿಸುತ್ತೇವೆ.

ನನ್ನ ತಮ್ಮ ಜಯಾನಂದನೂ ಗಟ್ಟಿಮುಟ್ಟಾಗಿಯೇ ಇದ್ದ. ಕೋವಿಡ್ ಬಂದು ಅವನು ತೀರಿಹೋದಾಗ ಅವನಿಗೆ ಒಂದು ಡೋಸೂ ಆಗಿರಲಿಲ್ಲ. ಅದು ಬೇರೆ, ಇದು ಬೇರೆ ಎಂದು ಬುದ್ಧಿಗೆ ಗೊತ್ತು. ಆದರೂ ಇವಳು ಒಮ್ಮೆ ಕೆಮ್ಮಿದರೆ ನನಗೆ ಅವನ ಕೊನೆಯ ಫೋನೇ ಕೇಳಿಸುತ್ತದೆ.

ಇನ್ನಷ್ಟು ಸಾರು ಬಡಿಸಹೋದೆ. ಅವಳು ನನ್ನ ಮುಖವನ್ನೇ ನೋಡುತ್ತ ತಟ್ಟೆಗೆ ಕೈ ಅಡ್ಡ ಹಿಡಿದಳು. ಸೌಟು ತಾನಾಗಿಯೇ ನಿಂತಿತು.

ನನ್ನ ಹೆದರಿಕೆಗೆ ಯಾರು ಕೈ ಅಡ್ಡ ಹಿಡಿಯುತ್ತಾರೋ…