ರೆಫರೆನ್ಸ್ ಕಾಲಮ್ಮಿನ ಐವರು

ಸೋಮವಾರ, ಮಾರ್ಚ್ ೯
ಪ್ರೆಸ್ಸಿನ ಮಹಡಿ, ಊಟದ ಬಿಡುವು

ನನ್ನ ಪ್ರೀತಿಯ ಪಿಟೀಲಿಗೆ,

ತೊಟ್ಟಿಲಲ್ಲಿ ನೀನು ಅಳುತ್ತಿದ್ದ ರಾಗಕ್ಕೆ ಬಿದ್ದ ಹೆಸರಿದು. ಹಾಸ್ಟೆಲ್ಲಿನಲ್ಲಿ ಯಾರಾದರೂ ಈ ಕಾಗದ ಒಡೆದು ಓದಿದರೆ ನಾನು ಹೊಣೆಯಲ್ಲ. ಫೋನ್ ಮಾಡಬಹುದಿತ್ತು. ಮಾಡಿದರೆ ಮೂರನೆಯ ವಾಕ್ಯಕ್ಕೇ ನೀನು ಬಾಯಿ ಹಾಕುತ್ತೀಯ. ಕಾಗದಕ್ಕೆ ಆ ಚಟವಿಲ್ಲ.

ಮೊದಲು ತಪ್ಪೊಪ್ಪಿಗೆ. ನನಗೆ ತೋರಿಸದೆ ಫೆಲೋಶಿಪ್ ಅರ್ಜಿ ಕಳಿಸಬೇಡ ಎಂದು ನೀನು ಹೇಳಿದ್ದೆ. ಕಳಿಸಿಬಿಟ್ಟೆ. ರಜೆಗೆ ಬಂದಾಗ, ಪ್ರಾಸ ಕೂಡಿಸೋದೆಲ್ಲ ಸಂಶೋಧನೆ ಆಗಲ್ಲಮ್ಮ ಅಂದೆಯಲ್ಲ, ಅದಾದ ಮೇಲೆ ತೋರಿಸಲು ಮನಸ್ಸಾಗಲಿಲ್ಲ. ದೂರುತ್ತಿಲ್ಲ, ದಾಖಲಿಸುತ್ತಿದ್ದೇನೆ.

ನಾನು ಇಲ್ಲಿ ಮಹಡಿಯಲ್ಲಿ ಕೂತು ಕರಡು ತಿದ್ದುತ್ತೇನೆ. ಕೆಳಗೆ ಬೈಂಡಿಂಗ್ ಕೋಣೆಯ ಹೆಂಗಸರು ಉದ್ದನೆಯ ಮೇಜಿನ ಸುತ್ತ ನಡೆಯುತ್ತ, ಹದಿನಾರು ಪುಟಕ್ಕೊಂದರಂತೆ ಮಡಚಿಟ್ಟ ಅಚ್ಚಿನ ಫಾರಂಗಳನ್ನು ಒಂದೊಂದಾಗಿ ಎತ್ತಿ ಪುಸ್ತಕ ಜೋಡಿಸುತ್ತಾರೆ. ಯಾವ ಫಾರಮ್ಮೂ ಬಿಟ್ಟುಹೋಗದಿರಲಿ ಎಂದು ಹಾಡಿಕೊಳ್ಳುತ್ತಾರೆ:

ಒಂದು ಅಂದ್ರೆ ಒರಗಬೇಡ,
ಎರಡು ಅಂದ್ರೆ ಎರಗಬೇಡ,
ಮೂರಕ್ಕೆ ಮೂಗು ಮುರೀಬೇಡ,
ನಾಲ್ಕಕ್ಕೆ ನಾಲಿಗೆ ತೆರೀಬೇಡ...

ಹೀಗೆ ಹನ್ನೆರಡರವರೆಗೆ. ಪ್ರಾಸ ಕುಂಟಿದರೆ ಪುಟ ಬಿಟ್ಟಿದೆ ಎಂದು ಅರ್ಥ. ಎಲ್ಲರೂ ನಿಂತು ಹುಡುಕುತ್ತಾರೆ. ನಿನ್ನನ್ನು ಮಲಗಿಸಿದ್ದೂ ಇದೇ ಹಾಡು. ಇಂಥವು ಅವರ ಬಳಿ ಎಷ್ಟಿವೆಯೋ, ಯಾರೂ ಬರೆದಿಟ್ಟಿಲ್ಲ. ಸೆಪ್ಟೆಂಬರಿಗೆ ಜೋಡಿಸುವ ಯಂತ್ರ ಬರುತ್ತದೆ. ಯಾರನ್ನೂ ತೆಗೆಯುವುದಿಲ್ಲ, ಪ್ಯಾಕಿಂಗಿಗೆ ಹಾಕುತ್ತೇನೆ ಎಂದಿದ್ದಾರೆ ಪ್ರೆಸ್ಸಿನ ಯಜಮಾನರು. ಒಳ್ಳೆಯವರೇ. ಆದರೆ ಡಬ್ಬಕ್ಕೆ ಟೇಪು ಅಂಟಿಸಲು ಹಾಡು ಬೇಕಿಲ್ಲ. ಅಷ್ಟರೊಳಗೆ ಬರೆದುಕೊಳ್ಳಬೇಕೆಂದರೆ ನಾನು ಅರ್ಧ ದಿನದ ಕೆಲಸ ಬಿಡಬೇಕು. ಬಿಟ್ಟರೆ ಮನೆ ನಡೆಯಲು ಫೆಲೋಶಿಪ್ ಬೇಕು.

ರದ್ದಿ ಕರಡಿನ ಬೆನ್ನ ಮೇಲೆ ಪಟ್ಟಿ ಮಾಡಿದೆ. ಕೊಡುವವರು ಯಾರು, ಕೊನೆಯ ದಿನ ಯಾವುದು, ಹಿಂದಿನ ವರ್ಷ ಯಾರಿಗೆ ಸಿಕ್ಕಿತ್ತು. ಮೊದಲನೆಯವರಿಗೆ ನನ್ನ ವಯಸ್ಸು ಜಾಸ್ತಿ, ಎರಡನೆಯವರಿಗೆ ನನ್ನ ಓದು ನಾಸ್ತಿ. ಮೂರನೆಯವರು ಯಾವ ವಿಶ್ವವಿದ್ಯಾಲಯದಿಂದ ಎಂದು ಕೇಳಿದರು. ಬೈಂಡಿಂಗ್ ಕೋಣೆಯ ಮೇಲಿನಿಂದ ಎಂದು ಬರೆದೆ, ಉತ್ತರ ಬರಲಿಲ್ಲ. ನಾಲ್ಕನೆಯದು ಸಣ್ಣ ನಿಧಿ. ಕೆಲಸದವರ ಮಾತು, ಕಸುಬಿನ ನುಡಿ, ಇವನ್ನು ಸಂಗ್ರಹಿಸುವವರಿಗೆ. ಡಾಕ್ಟರೇಟ್ ಕಡ್ಡಾಯವಲ್ಲ, ಕನ್ನಡದಲ್ಲೇ ಬರೆಯಬಹುದು. ಕಾಲಮ್ಮುಗಳ ತಲೆಬರಹ ಮಾತ್ರ ಇಂಗ್ಲಿಷು. ಎಡವಿದ್ದು ಅಲ್ಲೇ.

ಸಂದರ್ಶನದಲ್ಲಿ ಸಮಿತಿಯ ಅಧ್ಯಕ್ಷೆ ಕನ್ನಡಕ ಒರೆಸಿಕೊಂಡು ಕೇಳಿದರು, ಅಲ್ಲಮ್ಮ, ರೆಫರೆನ್ಸ್ ಅಂದ್ರೆ ನೀವು ಓದಿರೋ ಪುಸ್ತಕಗಳ ಪಟ್ಟಿ, ಇಲ್ಲಿ ಐದು ಮೊಬೈಲ್ ನಂಬರ್ ಕೊಟ್ಟಿದ್ದೀರಲ್ಲ? ನಾನು ನೋಡಿದ ಕೆಲಸದ ಅರ್ಜಿಗಳಲ್ಲೆಲ್ಲ ರೆಫರೆನ್ಸ್ ಅಂದರೆ ನಮ್ಮನ್ನು ಬಲ್ಲವರ ಹೆಸರು. ಊಟದ ಬಿಡುವಿನಲ್ಲಿ ಮಾತ್ರ ಫೋನ್ ಮಾಡಿ ಎಂದು ಷರಾ ಬೇರೆ ಬರೆದಿದ್ದೆ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು; ಕೂತಿದ್ದು ಮೂರನೆಯ ಮಹಡಿ, ಆ ಅನುಕೂಲವೂ ಇರಲಿಲ್ಲ.

ಅಧ್ಯಕ್ಷೆಯೇ ನಕ್ಕರು. ಊಟದ ಬಿಡುವಿನಲ್ಲೇ ಫೋನ್ ಮಾಡಿದ್ದರಂತೆ. ಬೈಂಡಿಂಗಿನ ಹಿರಿಯಳು, ನಮ್ಮ ದೊಡ್ಡಕ್ಕ, ಯಾರೋ ಗಿರಾಕಿ ಜಗಳಕ್ಕೆ ಬಂದರೆಂದುಕೊಂಡು, ಏನು, ಪುಟ ಬಿಟ್ಟಿದ್ಯಾ, ನಮ್ ಕೈಲಿ ಆ ಮಾತೇ ಇಲ್ಲ, ಬೇಕಾದ್ರೆ ಕೇಳಿಸ್ಕೊಳ್ಳಿ ಅಂತ ಹನ್ನೆರಡನ್ನೂ ಹಾಡಿ ತೋರಿಸಿದಳಂತೆ. ಬರೆದುಕೊಂಡದ್ದನ್ನು ತಿರುಗಿ ಓದಿಸಿದಳಂತೆ. ಅಧ್ಯಕ್ಷೆ ಏಳನೆಯದನ್ನು ಬಿಟ್ಟಿದ್ದರು. ಏನ್ ತಾಯಿ, ಓದಿದೋರು ನೀವೇ ಫಾರಂ ಬಿಟ್ರೆ ಹೇಗೆ ಅಂತ ಗದರಿಕೆ ಬೇರೆ.

ಇವತ್ತು ಬೆಳಿಗ್ಗೆ ಪತ್ರ ಬಂತು. ಒಂದು ವರ್ಷಕ್ಕೆ ಕೊಟ್ಟಿದ್ದಾರೆ, ಪಿಟೀಲು! ಷರತ್ತು ಒಂದೇ: ಎರಡು ವಾರದೊಳಗೆ ಪುಸ್ತಕಗಳ ಪಟ್ಟಿ ಕೊಡಬೇಕು, ಬೈಂಡಿಂಗಿನ ಆ ನಾಲ್ವರು ಹೆಂಗಸರ ಹೆಸರು ಮಾತ್ರ ತೆಗೆಯಬಾರದು, ಪಟ್ಟಿಯಲ್ಲಿ ಮೊದಲು ಅವೇ ಬರಬೇಕು. ದೊಡ್ಡಕ್ಕನಿಗೆ ಹೇಳಿದೆ. ಸಂಬಳ ನಿನಗೆ, ಗಂಟಲು ನಮ್ಮದಾ ಅಂದಳು. ಹಾಡುವ ಹೊತ್ತಿಗೆ ಅವರಿಗೂ ಕೂಲಿ ಕೊಡಬೇಕೆಂದು ಅರ್ಜಿಯಲ್ಲೇ ಕೇಳಿದ್ದೆ, ಅದೂ ಮಂಜೂರಾಗಿದೆ ಎಂದಾಗ ಗಂಟಲು ಸರಿಮಾಡಿಕೊಂಡಳು.

ನಿನ್ನ ಗ್ರಂಥಾಲಯದಲ್ಲಿ ಕೆಲಸದ ಹಾಡುಗಳ ಬಗ್ಗೆ ಏನೇನಿದೆ ನೋಡಿ ಬೇಗ ಬರೆ. ಅಪ್ಪ ಚೆನ್ನಾಗಿದ್ದಾರೆ, ಫೆಲೋಶಿಪ್ ಅಂದರೆ ನಾನು ಹಡಗು ಹತ್ತುತ್ತೇನೆ ಎಂದುಕೊಂಡು ಪೆಟ್ಟಿಗೆ ಒರೆಸಿಟ್ಟಿದ್ದಾರೆ.

ಹೊತ್ತಿಗೆ ಸರಿಯಾಗಿ ಉಣ್ಣು, ಹೊದ್ದು ಮಲಗು.

ನಿನ್ನ
ಅಮ್ಮ (ಇನ್ನು ಮುಂದೆ ಸಂಶೋಧಕಿ, ಅರ್ಧ ದಿನ)

ತಾ.ಕ.: ನಾಲ್ವರು ಹೆಂಗಸರು ಎಂದೆನಲ್ಲ, ಐದನೆಯ ನಂಬರು ನಿನ್ನದು. ಸಂಬಂಧ ಎಂಬಲ್ಲಿ ‘ಮೊದಲ ಶ್ರೋತೃ’ ಎಂದಷ್ಟೇ ಬರೆದಿದ್ದೆ. ಆ ಹುಡುಗಿ ಹನ್ನೆರಡನ್ನೂ ಒಂದೇ ಉಸಿರಿಗೆ ಹೇಳಿದಳು, ಇದು ಸಂಶೋಧನೆಯೇ ಎಂದು ಕಾಲು ಗಂಟೆ ವಾದ ಮಾಡಿದಳು, ಕೊನೆಗೆ ಅಮ್ಮಂಗೆ ಹೇಳ್ಬೇಡಿ ಅಂದಳು ಎಂದರು ಅಧ್ಯಕ್ಷೆ. ಮಗಳೆಂದು ಗೊತ್ತಾದ ಮೇಲೆ ನಿನ್ನ ಮಾತನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವಂತೆ. ನಾನು ತೆಗೆದುಕೊಂಡಿದ್ದೇನೆ.